ಲಕ್ಕಿ ಸೊಪ್ಪು ಮತ್ತು ಇಲಿಯ ಪಾದ

ಕೇಳುಗರೆಲ್ಲರಿಗೂ ನಮಸ್ಕಾರ.

ಪುಣೆಯ ಮಂಡಈ ಮಾರುಕಟ್ಟೆಯ ಸುತ್ತಮುತ್ತ ಗಿಡಮೂಲಿಕೆ ಮಾರುವವರ ಬಳಿ ಲಕ್ಕಿ ಸೊಪ್ಪು ಕೇಳಿದರೆ ಅವರು ನಮ್ಮ ಮುಖ ನೋಡುತ್ತಾರೆ. ನಿರ್ಗುಡಿ ಎಂದರೆ ಕೂಡಲೇ ತೆಗೆದುಕೊಡುತ್ತಾರೆ. ಮೇಲೆ ಹಸಿರು, ಅಡಿಯಲ್ಲಿ ಬೂದಿ ಬಳಿದಂಥ ಬಿಳುಪು, ಒಂದೇ ತೊಟ್ಟಿಗೆ ಮೂರೋ ಐದೋ ಎಸಳು. ಇದನ್ನು ಹೆಂಚಿನ ಮೇಲೆ ಬಾಡಿಸಿ, ಹರಳೆಣ್ಣೆ ಸವರಿ, ಊದಿದ ಮಂಡಿಗೆ ನಮ್ಮಜ್ಜಿ ಕಟ್ಟಿಕೊಳ್ಳುತ್ತಿದ್ದರು. ಇಂಥ ಸೊಪ್ಪು ನಿಜಕ್ಕೂ ಬಾವು ಇಳಿಸುತ್ತದೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ಹೇಗೆ ಪರೀಕ್ಷಿಸುತ್ತಾರೆ ಎಂಬುದು ಇಂದಿನ ವಿಷಯ.

ಮೊದಲ ತೊಡಕು ಹೆಸರಿನದು. ಲಕ್ಕಿಯೂ ನಿರ್ಗುಡಿಯೂ ಒಂದೇ ಗಿಡವಾದರೂ, ಆಯುರ್ವೇದದಲ್ಲಿ ವಾತದ ನೋವಿಗೆ ಹೇಳಿರುವ ರಾಸ್ನೆ ಎಂಬ ಮೂಲಿಕೆಯ ಹೆಸರಿನಲ್ಲಿ ದಕ್ಷಿಣದಲ್ಲಿ ಶುಂಠಿಯ ಕುಟುಂಬದ ಗಡ್ಡೆಯನ್ನೂ, ಉತ್ತರದಲ್ಲಿ ಸೇವಂತಿಗೆಯ ಕುಟುಂಬದ ಗಿಡವನ್ನೂ, ಬಂಗಾಳದಲ್ಲಿ ಮರದ ಮೇಲೆ ಬೆಳೆಯುವ ಆರ್ಕಿಡನ್ನೂ ಬಳಸುತ್ತಾರೆ. ಹೂವು ಸಮೇತ ಒಣಗಿಸಿದ ಮಾದರಿಯನ್ನು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ ಕಾದಿಡದಿದ್ದರೆ ಮುಂದಿನ ಶ್ರಮವೆಲ್ಲ ವ್ಯರ್ಥ.

ಆಮೇಲೆ ಇಲಿ. 1962ರಿಂದ ಬಳಕೆಯಲ್ಲಿರುವ ಪರೀಕ್ಷೆಯೊಂದರಲ್ಲಿ, ಕೆಂಪು ಕಡಲಪಾಚಿಯಿಂದ ತೆಗೆದ ಕ್ಯಾರಗೀನನ್ ಎಂಬ ವಸ್ತುವಿನ (ಐಸ್‌ಕ್ರೀಮಿಗೂ ಇದನ್ನು ಬೆರೆಸುತ್ತಾರೆ) ಶೇಕಡಾ 1ರ ದ್ರಾವಣವನ್ನು 0.1 ಮಿಲಿಲೀಟರಿನಷ್ಟು ಇಲಿಯ ಹಿಂಗಾಲಿನ ಪಾದಕ್ಕೆ, ಅದು ಊದಿಕೊಳ್ಳಲೆಂದು ಚುಚ್ಚುತ್ತಾರೆ. ಕಣಕಾಲಿಗೆ ಶಾಯಿಯ ಗೆರೆ ಎಳೆದು, ಆ ಗೆರೆಯವರೆಗೆ ಪಾದವನ್ನು ದ್ರವದಲ್ಲಿ ಅದ್ದಿ, ಪಕ್ಕಕ್ಕೆ ಸರಿದ ದ್ರವದ ಪ್ರಮಾಣದಿಂದ ಊತವನ್ನು ಗಂಟೆಗಂಟೆಗೂ ಅಳೆಯುತ್ತಾರೆ. ಒಂದು ಗುಂಪಿಗೆ ಸೊಪ್ಪಿನ ಸಾರ, ಇನ್ನೊಂದಕ್ಕೆ ಇಂಡೊಮೆಥಸಿನ್‌ನಂಥ, ಬಾವು ಇಳಿಸುವ ಪರಿಚಿತ ಔಷಧ, ಮತ್ತೊಂದಕ್ಕೆ ಬರಿಯ ಲವಣಜಲ. ದೇಹವೇ ಹೊರಬಿಡುವ ರಾಸಾಯನಿಕಗಳಲ್ಲಿ ಮೊದಲ ಗಂಟೆಯ ಊತಕ್ಕೆ ಮುಖ್ಯವಾಗಿ ಹಿಸ್ಟಮಿನ್, ಸೆರೊಟೊನಿನ್‌ಗಳೂ ಮೂರನೆಯ ಗಂಟೆಯ ಹೊತ್ತಿಗೆ ಪ್ರೊಸ್ಟಗ್ಲಾಂಡಿನ್‌ಗಳೂ ಕಾರಣವಾಗುವುದರಿಂದ, ಊತ ಯಾವಾಗ ಇಳಿಯಿತೆಂಬುದು ಸಾರ ಎಲ್ಲಿ ಕೆಲಸ ಮಾಡಿತೆಂಬುದರ ಸುಳಿವು. ಆಸ್ಪಿರಿನ್ ತಡೆಯುವುದು ಈ ಪ್ರೊಸ್ಟಗ್ಲಾಂಡಿನ್‌ಗಳ ಉತ್ಪತ್ತಿಯನ್ನೇ ಎಂದು ಬ್ರಿಟನ್ನಿನ ಔಷಧವಿಜ್ಞಾನಿ ಜಾನ್ ವೇನ್ 1971ರಲ್ಲಿ ತೋರಿಸಿದರು.

ಪರೀಕ್ಷೆ ಅಚ್ಚುಕಟ್ಟಾದುದು, ಆದರೆ ಅದು ಅಜ್ಜಿಯ ಪ್ರಶ್ನೆಯನ್ನು ಕೇಳುವುದಿಲ್ಲ ಎಂಬುದು ನನ್ನ ತಕರಾರು. ಸಾರವನ್ನು ಸಾಮಾನ್ಯವಾಗಿ ಊತ ಬರುವ ಮೊದಲೇ, ಬಾಯಿಯ ಮೂಲಕ ಕೊಡುತ್ತಾರೆ. ಅಜ್ಜಿ ಸೊಪ್ಪು ಕಟ್ಟಿದ್ದು ಮಂಡಿ ಊದಿದ ಮೇಲೆ, ಅದೂ ಬಿಸಿಬಿಸಿಯಾಗಿ. ಹಿತವಾದದ್ದು ಲಕ್ಕಿಯಿಂದಲೋ ಬರಿಯ ಶಾಖದಿಂದಲೋ? ಇದನ್ನು ತಿಳಿಯಲು ಕೆಲವರಿಗೆ ಲಕ್ಕಿಯನ್ನೂ ಕೆಲವರಿಗೆ ಅಷ್ಟೇ ಬಿಸಿಯಾದ ಬೇರೆ ಸೊಪ್ಪನ್ನೂ, ಯಾವುದೆಂದು ಹೇಳದೆ ಕಟ್ಟಿ ನೋಡಬೇಕು. ಆದರೆ ಲಕ್ಕಿಯ ಆ ಘಾಟು ವಾಸನೆಯನ್ನು ಮರೆಮಾಚುವ ಉಪಾಯವನ್ನು ಮೊದಲು ಹುಡುಕಬೇಕು.