ಒಂದೇ ಕಂಪ್ಯೂಟರಿನಲ್ಲಿ ಮೂರು ಪೈಥಾನ್

ಕೇಳುಗರಿಗೆ ನಮಸ್ಕಾರ.

ಕಾಲೇಜು ಶುರುವಾಗುವ ಹೊತ್ತಿಗೆ ಕಾರವಾರ, ಕುಮಟಾ, ಶಿರಸಿ ಕಡೆಯ ಎಷ್ಟೋ ಮನೆಗಳಿಗೆ ಹೊಸ ಲ್ಯಾಪ್‌ಟಾಪ್ ಬರುತ್ತದೆ. ಬಿಸಿಎ, ಡಿಪ್ಲೊಮಾ ಮಕ್ಕಳು ಅದಕ್ಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕುತ್ತಾರೆ. ಹಾಕಿದ್ದೇನೋ ಸರಿಯಾಗಿಯೇ ಇರುತ್ತದೆ. ಆದರೆ ಕಮಾಂಡ್ ಪ್ರಾಂಪ್ಟಿನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ, ಪೈಥಾನ್ ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ! ಕೂಡಲೇ ಎಲ್ಲ ತೆಗೆದು ಮತ್ತೆ ಹಾಕಲು ಹೊರಡಬೇಡಿ. ಯಾವ ಪೈಥಾನ್ ಓಡುತ್ತಿದೆ ಎಂದು ಮೊದಲು ನೋಡಿ.

ವಿಂಡೋಸ್ ತನ್ನ ಬಳಿ 'ಪಾತ್' ಎಂಬ ಫೋಲ್ಡರುಗಳ ಪಟ್ಟಿ ಇಟ್ಟುಕೊಂಡಿರುತ್ತದೆ. ಅದನ್ನು ಮೇಲಿನಿಂದ ಹುಡುಕುತ್ತ ಬಂದು, ಮೊದಲು ಸಿಕ್ಕಿದ್ದನ್ನೇ ಓಡಿಸುತ್ತದೆ. ಊರಲ್ಲಿ ಮೂವರು ಗಣಪತಿ ಹೆಗಡೆಯವರಿದ್ದರೆ ಮೊದಲ ಮನೆಗೇ ಕಾಗದ ಕೊಟ್ಟು ಹೋಗುವ ಅಂಚೆಯಣ್ಣನ ಹಾಗೆ. ಪೆನ್ನು ತೆಗೆದುಕೊಳ್ಳಿ: ಡಬ್ಲ್ಯೂ, ಎಚ್, ಇ, ಆರ್, ಇ, ಒಂದು ಸ್ಪೇಸ್, ಪೈಥಾನ್. ಎಂಟರ್ ಒತ್ತಿದರೆ ಪಾತ್‌ನಲ್ಲಿರುವ ಪೈಥಾನ್‌ಗಳೆಲ್ಲ ಅದೇ ಕ್ರಮದಲ್ಲಿ ಕಾಣುತ್ತವೆ. ಮೊದಲ ಸಾಲಿನಲ್ಲಿ 'ವಿಂಡೋಸ್‌ಆ್ಯಪ್ಸ್' ಎಂದಿದ್ದು, ನೀವು ಸ್ಟೋರಿನಿಂದ ಏನೂ ಹಾಕಿಲ್ಲವೆಂದರೆ, ಅದು ಪೈಥಾನ್ ಅಲ್ಲ, ಸ್ಟೋರಿಗೆ ದಾರಿ ತೋರಿಸುವ ಬರೀ ಬೋರ್ಡು. ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅಡ್ವಾನ್ಸ್ಡ್ ಆ್ಯಪ್ ಸೆಟ್ಟಿಂಗ್ಸ್, ಆ್ಯಪ್ ಎಕ್ಸಿಕ್ಯೂಶನ್ ಏಲಿಯಾಸಸ್ ಎಂದು ಹೋಗಿ, ಪೈಥಾನ್ ಹೆಸರಿನ ಎರಡೂ ಸ್ವಿಚ್ ಆಫ್ ಮಾಡಿ.

ನೀವು ಹಾಕಿದ ಪೈಥಾನ್ ಪಟ್ಟಿಯಲ್ಲೇ ಇಲ್ಲವೇ? ಇನ್‌ಸ್ಟಾಲರಿನ ಮೊದಲ ಪರದೆಯ ಬುಡದಲ್ಲಿ 'ಆ್ಯಡ್ ಟು ಪಾತ್' ಎಂಬ ಚೌಕವಿದೆ, ಅದಕ್ಕೆ ಟಿಕ್ ಬಿದ್ದಿಲ್ಲ. ಹೊಸಬರಿಗೆ ಬೇಕೇಬೇಕಾದ ಚೌಕವನ್ನು ಖಾಲಿ ಬಿಟ್ಟದ್ದು ನನಗಂತೂ ಸರಿ ಕಾಣುವುದಿಲ್ಲ. ಅದೇ ಇನ್‌ಸ್ಟಾಲರ್ ತೆರೆದು 'ಮಾಡಿಫೈ' ಒತ್ತಿ, ಮುಂದಿನ ಪುಟಗಳಲ್ಲಿ ಎನ್ವಿರಾನ್ಮೆಂಟ್ ವೇರಿಯಬಲ್ಸ್ ಎಂಬಲ್ಲಿ ಟಿಕ್ ಹಾಕಿ. ಆಮೇಲೆ ಕಮಾಂಡ್ ಪ್ರಾಂಪ್ಟ್ ಮುಚ್ಚಿ ಹೊಸದಾಗಿ ತೆರೆಯಿರಿ. ಹಳೆಯ ಕಿಟಕಿಗೆ ಹೊಸ ಪಾತ್ ಗೊತ್ತಾಗುವುದಿಲ್ಲ.

ಇನ್ನೊಂದು ರಗಳೆ ಪಿಪ್‌ನದು. ಲೈಬ್ರರಿ ಎಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡು, ಅದನ್ನು ತಂದು ಹಾಕುವ ಸಾಧನವೇ ಪಿಪ್. ಪಿಪ್ ಒಂದು ಪೈಥಾನಿಗೆ ಲೈಬ್ರರಿ ಹಾಕುತ್ತದೆ, ಪ್ರೋಗ್ರಾಂ ಇನ್ನೊಂದರಲ್ಲಿ ಓಡುತ್ತದೆ, 'ಮಾಡ್ಯೂಲ್ ನಾಟ್ ಫೌಂಡ್' ಬರುತ್ತದೆ. ಬರೀ ಪಿಪ್ ಎನ್ನದೆ 'ಪೈಥಾನ್, ಹೈಫನ್ ಎಂ, ಪಿಪ್ ಇನ್‌ಸ್ಟಾಲ್' ಎಂದೇ ಬರೆದು, ಮುಂದೆ ಲೈಬ್ರರಿಯ ಹೆಸರು ಕೊಡಿ.

'ವಿಶುವಲ್ ಸಿ ಪ್ಲಸ್ ಪ್ಲಸ್ 14 ಬೇಕು' ಎಂಬ ಕೆಂಪು ಸಾಲು ಬಂದರೆ, ಹಲವು ಜಿಬಿಯ ಆ ಸರಂಜಾಮು ಇಳಿಸಲು ಅವಸರ ಬೇಡ. ಪೈಥಾನಿನ ಹೊಸ ಆವೃತ್ತಿ ವರ್ಷಕ್ಕೊಮ್ಮೆ, ಅಕ್ಟೋಬರಿನಲ್ಲಿ ಬರುತ್ತದೆ. ಲೈಬ್ರರಿಗಳ ಸಿದ್ಧ ಕಡತಗಳು ಅದಕ್ಕೆ ತಡವಾಗಿ ಬರುತ್ತವೆ. ಸಿದ್ಧ ಕಡತ ಸಿಗದಾಗ ಪಿಪ್ ಮೂಲ ಕೋಡಿನಿಂದಲೇ ಕಟ್ಟಲು ಹೋಗುತ್ತದೆ, ಕೋಡನ್ನು ಯಂತ್ರದ ಭಾಷೆಗೆ ತರುವ ಕಂಪೈಲರ್ ಇಲ್ಲದೆ ಸೋಲುತ್ತದೆ. ಹಿಂದಿನ ಆವೃತ್ತಿ, ಉದಾಹರಣೆಗೆ 3.12, ಜೊತೆಗೇ ಹಾಕಿಕೊಳ್ಳಿ. 'ಪಿ ವೈ, ಹೈಫನ್ 3.12, ಹೈಫನ್ ಎಂ, ವಿ ಇ ಎನ್ ವಿ, ಕೆಲಸ' ಎಂದರೆ 3.12 ಮತ್ತು ಅದರ ಲೈಬ್ರರಿಗಳಿಗೇ ಮೀಸಲಾದ 'ಕೆಲಸ' ಎಂಬ ಪ್ರತ್ಯೇಕ ಫೋಲ್ಡರ್ ಏಳುತ್ತದೆ. ಫೋಲ್ಡರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇರಲಿ.

ಆವೃತ್ತಿಯ ಇಂಥದೇ ಗೊಂದಲ ಜಾವಾ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲೂ ಇದೆ. ಅಲ್ಲಿ 'ಕ್ಲಾಸ್ ಫೈಲ್ ವರ್ಶನ್ 65' ಎಂಬ ದೂರು ಬಂದರೆ 44 ಕಳೆಯಿರಿ: 21. ಜಾವಾ 21ರಲ್ಲಿ ಕಂಪೈಲ್ ಆದದ್ದನ್ನು ಹಳೆಯ ಜಾವಾ ಓಡಿಸಲು ನೋಡುತ್ತಿದೆ ಎಂದರ್ಥ.

ಘಟ್ಟದ ಮೇಲೆ ಸಿಗ್ನಲ್ ಸಿಗದ ಮನೆಯವರು ಪೇಟೆಯಲ್ಲಿರುವ ಗೆಳೆಯರ ಯಂತ್ರದಲ್ಲಿ 'ಪಿಪ್ ಡೌನ್‌ಲೋಡ್' ಕೊಟ್ಟು, ಕಡತಗಳನ್ನು ಪೆನ್‌ಡ್ರೈವಿನಲ್ಲಿ ತಂದುಕೊಳ್ಳಬಹುದು. ಆದರೆ ಎರಡೂ ಕಡೆ ಪೈಥಾನ್ ಆವೃತ್ತಿ ಒಂದೇ ಇರಬೇಕು, ಎರಡೂ 64 ಬಿಟ್ ವಿಂಡೋಸ್ ಆಗಿರಬೇಕು. ಇಲ್ಲದಿದ್ದರೆ ತಂದ ಎಷ್ಟೋ ಕಡತಗಳನ್ನು ಪಿಪ್ ಮುಟ್ಟುವುದೇ ಇಲ್ಲ.

ನಮಸ್ಕಾರ.