ಮೊದಲು ಕುರ್ಚಿಯಿಂದ ಏಳಿ

ಕೇಳುಗರೆಲ್ಲರಿಗೂ ನಮಸ್ಕಾರ. ಕೆಲಸದ ಒತ್ತಡ, ಆರೋಗ್ಯ ಇವುಗಳ ಬಗ್ಗೆ ಸ್ವಲ್ಪ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ನಾನು ಕಾರ್ಖಾನೆ, ಆಫೀಸುಗಳಲ್ಲಿ ದುಡಿಯುವವರನ್ನೇ ನೋಡುವ ವೈದ್ಯ. ಈ ಹೊತ್ತಿಗೆ ರೇಡಿಯೋ ಕೇಳುತ್ತಿರುವವರು ಯಾರು ಅಂತ ನನಗೆ ಅಂದಾಜಿದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಇವತ್ತೂ ಲೇಟಾಯ್ತಲ್ಲಪ್ಪಾ ಅಂತ ಗಡಿಯಾರ ನೋಡುತ್ತಿದ್ದೀರಿ. ನಿಮಗೆ ನಾನು ಹೇಳುವುದು ಒಂದೇ ಮಾತು: ಟೆನ್ಷನ್ ಆದಾಗ ಕೂತಿರಬೇಡಿ. ಏಳಿ, ನಡೆಯಿರಿ.

ಇಷ್ಟೇನಾ ಅಂತೀರಿ. ಹೌದು, ಇಷ್ಟೇ.

ಮೇಲಿನವರು ಬೈದರು ಅಂತಿಟ್ಟುಕೊಳ್ಳಿ. ತಕ್ಷಣ ಎದೆ ಡವಡವ ಅನ್ನುತ್ತದೆ, ಬಿಪಿ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ, ಕತ್ತು ಭುಜ ಬಿಗಿಯುತ್ತವೆ. ಹೊಡೆದಾಡು, ಇಲ್ಲಾ ಓಡಿಹೋಗು ಅಂತ ಮೈ ತಯಾರಾಗುವುದು ಹೀಗೆ. ನಮ್ಮ ಕೈಲಿ ಎರಡೂ ಆಗುವುದಿಲ್ಲ, ಇಎಂಐ ಕಟ್ಟಬೇಕಲ್ವಾ? ಹಾಗಾಗಿ ಅಲ್ಲೇ ಕೂತು ಇನ್ನೊಂದು ಕಾಫಿ ತರಿಸುತ್ತೇವೆ. ಓಡುವುದಕ್ಕೆ ಅಂತ ಬಂದ ಸಕ್ಕರೆ, ಏರಿದ ಬಿಪಿ, ಎರಡಕ್ಕೂ ಕೆಲಸವೇ ಇಲ್ಲ. ದಿನಾ ಹೀಗೇ ಆದರೆ ಹೃದಯ ತಡೆಯುತ್ತದೆಯೇ?

ಇದಕ್ಕೆ ನಾನು ಎಲ್ಲರಿಗೂ ಹೇಳುವ ಕತೆ ಲಂಡನ್ನಿನ ಬಸ್ಸಿನದು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಹೃದಯಾಘಾತ ಹೆಚ್ಚಾಗುತ್ತಿತ್ತು. ಕಾರಣ ಸರಿಯಾಗಿ ಯಾರಿಗೂ ಗೊತ್ತಿರಲಿಲ್ಲ. ಜೆರಿ ಮಾರಿಸ್ ಅನ್ನುವ ವೈದ್ಯರು ಸುಮಾರು 31,000 ಸಾರಿಗೆ ನೌಕರರ ಲೆಕ್ಕ ತೆಗೆದು ಕೂತರು. ಡಬಲ್ ಡೆಕ್ಕರ್ ಬಸ್ಸು, ನಮ್ಮ ಬೆಂಗಳೂರಲ್ಲೂ ಒಂದು ಕಾಲಕ್ಕೆ ಓಡುತ್ತಿದ್ದವಲ್ಲ, ಅಂಥದ್ದೇ. ಡ್ರೈವರು, ಕಂಡಕ್ಟರು ಇಬ್ಬರದೂ ಅದೇ ಬಸ್ಸು, ಅದೇ ರೂಟು, ಅದೇ ಹೊಗೆ. ಒಬ್ಬ ಪಾಳಿಯಿಡೀ ಸೀಟಿನಲ್ಲಿ. ಇನ್ನೊಬ್ಬ ಟಿಕೆಟ್ ಕೊಡಲು ಮೇಲೆ ಕೆಳಗೆ ಹತ್ತಿ ಇಳಿದು ಒಂದು ದಿನಕ್ಕೆ 500ಕ್ಕೂ ಜಾಸ್ತಿ ಮೆಟ್ಟಿಲು ಏರುತ್ತಿದ್ದ. 1953ರಲ್ಲಿ ಫಲಿತಾಂಶ ಅಚ್ಚಾಯಿತು. ಹೃದಯದ ಕಾಯಿಲೆ ಡ್ರೈವರುಗಳಲ್ಲೇ ಜಾಸ್ತಿ. ಕಂಡಕ್ಟರುಗಳಿಗೆ ಕಡಿಮೆ, ಬಂದರೂ ತಡವಾಗಿ, ಅಷ್ಟು ಜೋರಾಗಿ ಅಲ್ಲ.

ಡ್ರೈವರಿಗೆ ಟೆನ್ಷನ್ ಜಾಸ್ತಿ ಸಾರ್, ಅದಕ್ಕೇ ಇರಬೇಕು ಅಂತ ನೀವೂ ಹೇಳಬಹುದು. ಕಂಡಕ್ಟರಿಗೆ ಟೆನ್ಷನ್ ಇಲ್ಲ ಅನ್ನುವವರು ಚಿಲ್ಲರೆ ಜಗಳ ನೋಡಿಲ್ಲ ಅಂತ ನನ್ನ ಉತ್ತರ. ಮಾರಿಸ್ ಮಾತ್ರ ನನ್ನ ಹಾಗೆ ಬಾಯಿಮಾತಿಗೆ ನಿಲ್ಲಿಸಲಿಲ್ಲ, ಅಂಚೆ ಇಲಾಖೆಗೆ ಹೋದರು. ಅಲ್ಲೂ ಅದೇ ಕತೆ! ನಡೆದೋ ಸೈಕಲ್ ತುಳಿದೋ ಕಾಗದ ಹಂಚುವವರು ಗಟ್ಟಿ, ಕೂತು ಬರೆಯುವ ಗುಮಾಸ್ತರಿಗೆ ಕಾಯಿಲೆ. ಹಾಗಾದರೆ ಡ್ರೈವರುಗಳ ಹೊಟ್ಟೆಯೇ ಕಾರಣವೇ ಅಂತ ಯೂನಿಫಾರ್ಮ್ ಪ್ಯಾಂಟಿನ ಸೊಂಟದ ಅಳತೆಯನ್ನೂ ತರಿಸಿ ನೋಡಿದರು. ಹೊಟ್ಟೆ ದೊಡ್ಡದೇ, ನಿಜ. ಆದರೆ ತೆಳ್ಳಗಿದ್ದವರನ್ನು ತೆಳ್ಳಗಿದ್ದವರ ಜೊತೆ, ದಪ್ಪಗಿದ್ದವರನ್ನು ದಪ್ಪಗಿದ್ದವರ ಜೊತೆ ಹೋಲಿಸಿದರೂ ಕಂಡಕ್ಟರೇ ಮೇಲು. ಪ್ಯಾಂಟಿನ ಅಳತೆಯಿಂದ ವಿಜ್ಞಾನ ಮಾಡಿದ ಈ ಮನುಷ್ಯನನ್ನು ನೆನೆದರೆ ನನಗೆ ಈಗಲೂ ಖುಷಿ. ತಾವೂ ವ್ಯಾಯಾಮ ಬಿಡಲಿಲ್ಲ. 2009ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ.

ನಿಲಯದವರು ಆಗಲೇ ಕೈ ತೋರಿಸುತ್ತಿದ್ದಾರೆ, ಉಳಿದದ್ದು ಬೇಗ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷದ ಚುರುಕು ನಡಿಗೆ. ಒಂದೇ ಸಲ ಆಗಬೇಕಿಲ್ಲ. ಒಂದು ಸ್ಟಾಪ್ ಮೊದಲೇ ಇಳಿಯಿರಿ. ಮೂರನೇ ಮಹಡಿಗೆ ಲಿಫ್ಟ್ ಯಾಕೆ? ಫೋನ್ ಬಂದರೆ ಎದ್ದು ನಡೆಯುತ್ತಾ ಮಾತಾಡಿ. ಸಿಟ್ಟು ಬರಿಸುವ ಮೇಲ್ ಬಂದರೆ ಮೊದಲು ಒಂದು ಸುತ್ತು ಹಾಕಿ, ಉತ್ತರ ಆಮೇಲೆ ಬರೆಯಿರಿ. ಗಾರ್ಮೆಂಟ್ಸಿನಲ್ಲಿ ಹೊಲಿಯುವ ಅಕ್ಕತಂಗಿಯರೇ, ನಿಮಗೆ ಮಿಷನ್ ಬಿಟ್ಟು ಏಳಲು ಬಿಡುವುದಿಲ್ಲ, ಗೊತ್ತು. ಊಟದ ಬಿಡುವಿನಲ್ಲಾದರೂ ಗೆಳತಿಯ ಜೊತೆ ಅಂಗಳದಲ್ಲಿ ಓಡಾಡಿ. ಸೂಪರ್‌ವೈಸರುಗಳೇ, ಎದ್ದು ನಿಂತವರನ್ನೆಲ್ಲ ಸೋಮಾರಿ ಅಂದುಕೊಳ್ಳಬೇಡಿ.

ಜಿಮ್ಮಿಗೆ ದುಡ್ಡು ಕಟ್ಟಿದ್ದೇನೆ ಸಾರ್ ಅಂತ ಕೆಲವರು ಹೇಳುತ್ತಾರೆ. ಕಟ್ಟಿದರೆ ಆಯಿತಾ, ಹೋಗಬೇಡವೇ?

ನಿದ್ದೆ, ಉಪ್ಪು, ಸಿಗರೇಟು ಇವುಗಳ ಬಗ್ಗೆ ಹೇಳಲು ಇವತ್ತು ಹೊತ್ತಿಲ್ಲ. ಒಂದು ಮಾತ್ರ ಬಿಡುವಂತಿಲ್ಲ. ನಡೆದರೂ ಮನಸ್ಸು ಹಗುರಾಗದೆ, ರಾತ್ರಿ ನಿದ್ದೆ ಬಾರದೆ, ಬೆಳಗ್ಗೆ ಕೆಲಸಕ್ಕೆ ಹೋಗಲು ಕಾಲೇ ಬರುವುದಿಲ್ಲ ಅನ್ನುವ ಸ್ಥಿತಿ ಇದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಪೆನ್ನು ಇದ್ದರೆ ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ನಮಸ್ಕಾರ.