ಮೂಗಿನ ಮಾತು ಕೇಳಬ್ಯಾಡ್ರಿ: ಡಾರ್ಕ್ ರೂಮಿನ ನೀರು ಎಲ್ಲಿಗೆ ಹೋಗತೈತಿ?

ನಮಸ್ಕಾರ್ರೀ. ಇವತ್ತ ಕ್ಯಾಮೆರಾ ಮಾತಿಲ್ಲ, ಲೆನ್ಸಿನ ಮಾತೂ ಇಲ್ಲ. ಒಂದು ಊಟದ ತಾಟಿನ ಸುದ್ದಿಯಿಂದ ಸುರು ಮಾಡ್ತೀನಿ.

ಹೋದ ತಿಂಗಳ ಧಾರವಾಡದಾಗ ಒಬ್ಬ ಹುಡುಗನ ರೂಮಿಗೆ ಹೋಗಿದ್ದೆ. ಕಾಲೇಜು ಓದೋ ಹುಡುಗ. ಅಜ್ಜನ ಹಳೇ ಕ್ಯಾಮೆರಾ ಸಿಕ್ಕೈತಿ, ಕಪ್ಪು-ಬಿಳಿ ಫಿಲ್ಮ್ ತರಿಸ್ಯಾನ, ಸಾಧನಕೇರಿ ದಂಡಿಗೆ ನಿಂತು ಮಳಿ ಬರೋ ಮುಂದಿನ ಮೋಡ ತಗದಾನ. ಚಿತ್ರ ಭಾಳ ಚಲೋ ಬಂದಾವ. ನನಗ ಖರೇನ ಖುಷಿ ಆತು. ಬಚ್ಚಲಮನೀನ ಡಾರ್ಕ್ ರೂಮ್, ಅಂದ್ರ ಫಿಲ್ಮ್ ತೊಳಿಯೋ ಕತ್ತಲ ಕ್ವಾಣಿ, ಮಾಡ್ಯಾನ, ಕಿಟಕಿಗೆ ಕರೇ ಬಟ್ಟಿ, ಬಾಗಲ ಸಂದಿಗೆ ಟವೆಲ್ಲು. ಡೆವಲಪರ್, ಅಂದ್ರ ಚಿತ್ರ ಮೂಡಿಸೋ ರಾಸಾಯನಿಕ ನೀರು, ಹಾಕಿದ್ದು ತಾನು ಉಣ್ಣೋ ಸ್ಟೀಲ್ ತಾಟಿನಾಗ. ಉಳಿದದ್ದು ಕೂಲ್ ಡ್ರಿಂಕ್ ಬಾಟ್ಲಿಯಾಗ, ಮ್ಯಾಲ ಒಂದು ಚೀಟಿನೂ ಇಲ್ಲ. ಕಾಗದ ಹೊಳ್ಳಿಸಾಕ ಬರಿಗೈ.

ಡೆವಲಪರಿನ ಕೆಲಸ ನಿಲ್ಲಿಸೋ ಸ್ಟಾಪ್ ಬಾತ್ ಬಾಟ್ಲಿ ತಗದ ಕೂಡಲೇ ಮಾತ್ರ ಮೂಗು ಮುಚ್ಚಿಕೊಂಡು ಹಿಂದ ಸರದ. ಅದೇನು ಮಹಾ ವಿಷ ಅಲ್ರಿ. ನೀರು ಬೆರೆಸಿದ ಅಸಿಟಿಕ್ ಆ್ಯಸಿಡ್, ಅಂದ್ರ ವಿನೆಗರ್ ಇದ್ದಂಗ. ನೀರು ಬೆರೆಸದ ಗಟ್ಟಿ ಆ್ಯಸಿಡ್ ಆದ್ರ ಚರ್ಮ ಸುಡತೈತಿ, ಆ ಮಾತು ಬ್ಯಾರೆ. ಅಂವ ಹೆದರಿದ್ದು ವಾಸನಿ ಇದ್ದದ್ದಕ್ಕ. ವಾಸನಿ ಇಲ್ಲದ ಡೆವಲಪರಿನಾಗ ಮಣಿಕಟ್ಟಿನ ತನಕ ಕೈ ಅದ್ದಿದ್ದ.

"ಬಳಸಿದ ಹೈಪೋ ಏನ್ ಮಾಡಿದ್ಯೋ ತಮ್ಮಾ?" ಅಂತ ಕೇಳಿದೆ. ಹೈಪೋ ಅಂದ್ರ ಮೂಡಿದ ಚಿತ್ರ ಮುಂದ ಬೆಳಕಿಗೆ ಕೆಡದಂಗ ಮಾಡೋ ನೀರು. "ಮೋರಿಗೆ ಸುರುವಿದೆ ಸರ್, ಉಪ್ಪಿನ ನೀರಿದ್ದಂಗ ಅಲ್ರಿ ಅದು?" ಅಂದ.

ಅವನ ತಪ್ಪಲ್ರಿ ಇದು. ಫಿಲ್ಮ್ ಮತ್ತ ಬಂದೈತಿ, ಕಲಸೋ ರೆಸಿಪಿ ಫೋನಿನಾಗ ಸಿಗತಾವ. ಜೋಕಿ ಹೇಳಿಕೊಡೋ ಮಂದಿ ಮಾತ್ರ ಅಂಗಡಿ ಮುಚ್ಚಿ ಮನೀಗೆ ಹೋಗ್ಯಾರ.

ನಾನು ಈ ಕೆಲಸ ಕಲ್ತದ್ದು ಹುಬ್ಬಳ್ಳಿಯಾಗ, ನಮ್ಮ ಸೋದರಮಾವನ ಸ್ಟುಡಿಯೋದಾಗ. ಮಾವನ ಉಗುರು ಯಾವಾಗಲೂ ಕಂದು ಬಣ್ಣ. ಸಣ್ಣಾಂವ ಇದ್ದಾಗ ನಾನು ಅದನ್ನ ಅಡಕಿ ಕಲಿ ಅಂದ್ಕೊಂಡಿದ್ದೆ. ಬರಬರತ ಬೆರಳ ಸಂದಿ ಕೆಂಪಾಗಿ ತುರಿಸಾಕ ಹತ್ತಿದವು, ಆಮ್ಯಾಲ ಚರ್ಮ ಬಿರೀತು. ಮಾವ ರೊಟ್ಟಿ ಮುರದು ರಂಜಕಕ್ಕ ಹಚ್ಚಿದ್ರ ಕಣ್ಣಾಗ ನೀರು ಬರತಿತ್ತು. ಮದುವಿ ಊಟದ ಪಂಕ್ತಿಯಾಗ ಎಲ್ಲಾರೂ ಕೈಲೆ ಉಣ್ಣೋ ಮುಂದ ಮಾವ ಚಮಚಾ ಕೇಳತಿದ್ದರು. ಚರ್ಮದ ಡಾಕ್ಟರು ಬೆರಳು ನೋಡಿ, ಏನು ಕೆಲಸ ಮಾಡ್ತೀರಿ ಅಂತ ಕೇಳಿದ ಮ್ಯಾಲನ ಕಾರಣ ಗೊತ್ತಾತು. ಮೆಟಾಲ್.

ಕಪ್ಪು-ಬಿಳಿ ಡೆವಲಪರಿನಾಗ ಸಾಮಾನ್ಯವಾಗಿ ಎರಡು ಮುಖ್ಯ ಪುಡಿ: ಮೆಟಾಲ್, ಹೈಡ್ರೋಕ್ವಿನೋನ್. ಕೊಡಾಕ್ ಕಂಪನಿಯ ಡಿ-76 ಅನ್ನೋ ಹಳೇ ಸೂತ್ರದಾಗ ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ. ಉಳಿದದ್ದು ಸೋಡಿಯಂ ಸಲ್ಫೈಟ್ ಮತ್ತ ಬೋರಾಕ್ಸ್. ಎರಡು ಗ್ರಾಂ ಅಂದ್ರ ಚಿಟಿಕಿ ಅನಸತೈತಿ. ಆದ್ರ ಮೆಟಾಲಿನ ಅಲರ್ಜಿ ಪ್ರಮಾಣ ನೋಡಿ ಬರೂದಲ್ಲ. ವರ್ಷಾನಗಟ್ಟಲೆ ಏನೂ ಆಗೂದಿಲ್ಲ, ಒಂದು ದಿನ ಮೈ ಅದನ್ನ ಗುರುತು ಹಿಡೀತಂದ್ರ ಮುಗೀತು, ಆಮ್ಯಾಲ ಒಂದು ಹನಿ ಸಿಡಿದರೂ ಬೆರಳು ಉರಿ ಏಳತಾವ.

ನಮ್ಮ ಹಿರಿಯ ಫೋಟೋಗ್ರಾಫರ್ ಒಬ್ಬರು ನನಗ ಎದುರಾಡಿದರು: "ನಾವು ನಲವತ್ತು ವರ್ಷ ಬರಿಗೈಲೆ ಮಾಡೀವಿ, ಏನಾಗೇತೋ?" ಅವರ ಮ್ಯಾಲ ನನಗ ಗೌರವ ಐತಿ. ಆದ್ರ ಯಾರ ಕೈ ಕೆಟ್ಟವೋ ಅವರು ಎಂದೋ ಡಾರ್ಕ್ ರೂಮ್ ಬಿಟ್ಟು ಬ್ಯಾರೆ ಉದ್ಯೋಗ ನೋಡಿಕೊಂಡರು. ನಲವತ್ತು ವರ್ಷ ಉಳಿದವರು ಆಗದಿದ್ದವರು. ಉಳಿದವರನ್ನಷ್ಟ ಕೇಳಿ ಲೆಕ್ಕ ಹಾಕಿದ್ರ ಲೆಕ್ಕ ತಪ್ಪತೈತಿ.

ಹೈಡ್ರೋಕ್ವಿನೋನ್ ಹೆಸರು ಕೆಲವರಿಗೆ ಮುಖಕ್ಕ ಹಚ್ಚೋ ಕ್ರೀಮಿನಿಂದ ಗೊತ್ತಿರತೈತಿ. "ಮುಖಕ್ಕ ಹಚ್ಚತಾರಂದ್ರ ಕೈಗೆ ಏನಾಗತೈತಿ" ಅಂತಾರ. ಡಾಕ್ಟರ್ ಹೇಳದ ವರ್ಷಾನಗಟ್ಟಲೆ ಹಚ್ಚಿದವರ ಮುಖಕ್ಕ ನೀಲಿ-ಕಪ್ಪು ಕಲಿ ಬಿದ್ದದ್ದಕ್ಕನ ಯುರೋಪಿನ ಒಕ್ಕೂಟ ಅದನ್ನ ಸೌಂದರ್ಯದ ಕ್ರೀಮಿನಾಗ ನಿಷೇಧ ಮಾಡೈತಿ. ಹೈಡ್ರೋಕ್ವಿನೋನ್ ತಯಾರಿಸೋ ಕಾರ್ಖಾನಿಗಳಾಗ ಅದರ ಧೂಳು, ಹಬಿ ತಾಗಿ ಕೆಲಸಗಾರರ ಕಣ್ಣು ಕಂದು ಬಣ್ಣಕ್ಕ ತಿರುಗಿ, ಕಣ್ಣಿನ ಮುಂದಿನ ಪದರ ಹಾಳಾದದ್ದು ದಾಖಲೆ ಐತಿ. ಡೆವಲಪರ್ ಕುಡದು ಮಂದಿ ಸತ್ತದ್ದೂ ದಾಖಲೆ ಐತಿ. ಈಗ ಆ ಕೂಲ್ ಡ್ರಿಂಕ್ ಬಾಟ್ಲಿ ನೆನಪು ಮಾಡಿಕೊಳ್ರಿ. ಹಳೇದಾದ ಡೆವಲಪರ್ ಚಹಾದ ಬಣ್ಣಕ್ಕ ಬರತೈತಿ. ಮನಿಯಾಗ ಸಣ್ಣ ಕೂಸು ಇದ್ರ? ಇದನ್ನ ಹೇಳಾಕ ನನ್ನ ದನಿ ಏರತೈತಿ, ತಪ್ಪು ತಿಳೀಬ್ಯಾಡ್ರಿ.

ಇನ್ನ ಹೈಪೋ. ಹೊಸಾ ಹೈಪೋ, ಅಂದ್ರ ಸೋಡಿಯಂ ಥಯೋಸಲ್ಫೇಟ್, ಅಂಥ ಕೆಟ್ಟದ್ದಲ್ಲ. ಮೀನಿನ ತೊಟ್ಟಿ ನೀರಿನಾಗಿನ ಕ್ಲೋರಿನ್ ತಗಿಯಾಕ ಅದನ್ನ ಹಾಕತಾರ, ಸಯನೈಡ್ ವಿಷಕ್ಕ ದವಾಖಾನಿಯಾಗ ಔಷಧ ಅಂತ ಕೊಡತಾರ. ಆ ಹುಡುಗ ಹೇಳಿದ ಉಪ್ಪಿನ ಮಾತು ಅಲ್ಲಿಗಷ್ಟ ಖರೆ. ಫಿಲ್ಮ್ ಅದ್ದಿದ ಮ್ಯಾಲ ಅದು ಆ ನೀರಲ್ಲ. ಫಿಲ್ಮ್ ಮತ್ತ ಕಾಗದದ ಮ್ಯಾಲ ಚಿತ್ರ ಆಗದ ಉಳಿದ ಬೆಳ್ಳಿಯನ್ನೆಲ್ಲಾ ಕರಗಿಸಿ ತನ್ನೊಳಗ ತಗೊಂಡಿರತೈತಿ. ಚಲೋ ಬಳಸಿದ ಹೈಪೋ ಒಂದು ಲೀಟರಿನಾಗ ಬೆಳ್ಳಿ ಹಲವು ಗ್ರಾಂ ಕೂಡತೈತಿ. ನಮ್ಮ ಮಾವನ ಸ್ಟುಡಿಯೋಕ್ಕ ಒಬ್ಬಾತ ಸೈಕಲ್ಲಿಗೆ ಕ್ಯಾನ್ ಕಟಗೊಂಡು ಬಂದು ಹಳೇ ಹೈಪೋ ರೊಕ್ಕಾ ಕೊಟ್ಟು ಒಯ್ಯತಿದ್ದ. ಆತಗ ಬೇಕಾಗಿದ್ದದ್ದು ಬೆಳ್ಳಿ. ಆದ್ರ ಆತ ಬರತಿದ್ದಕ್ಕ ನಮ್ಮ ಓಣಿ ಗಟಾರಕ್ಕ ಅದು ಹೋಗತಿರಲಿಲ್ಲ.

ಬೆಳ್ಳಿ ಸಣ್ಣ ಜೀವಿಗಳನ್ನ ಕೊಲ್ಲತೈತಿ, ನೀರಾಗಿನ ಪಾಚಿ, ಮೀನಿನ ಮರಿಗೂ ಕೆಟ್ಟದ್ದು. ನ್ಯಾಯವಾಗಿ ಹೇಳಬೇಕಂದ್ರ, ಹೈಪೋದಾಗ ಕಟ್ಟಿಕೊಂಡ ಬೆಳ್ಳಿ ಬಿಡಿ ಬೆಳ್ಳಿಯಷ್ಟು ಉಗ್ರ ಅಲ್ಲ, ಗಟಾರದ ಗಂಧಕದ ಜೋಡಿ ಸೇರಿ ಬಹಳಷ್ಟು ರಾಡಿಯಾಗ ಕುಂದರತೈತಿ. ಹೈಡ್ರೋಕ್ವಿನೋನ್ ಮೀನಿಗೆ ಭಾಳ ವಿಷ, ಆದ್ರ ಶುದ್ಧೀಕರಣ ಘಟಕದಾಗ ಸೂಕ್ಷ್ಮಜೀವಿಗಳು ಅದನ್ನ ಒಡದು ಹಾಕತಾವ. ದೊಡ್ಡ ದೊಡ್ಡ ಊರಿನವರು ಬರದ "ಸಿಂಕಿಗೆ ಹಾಕಿ ನೀರು ಬಿಡ್ರಿ" ಅನ್ನೋ ಸಲಹೆ ಆ ಘಟಕ ನಂಬಿ ಬರದದ್ದು. ನಮ್ಮ ಓಣಿ ನೀರು ಎಲ್ಲಿಗೆ ಹೋಗತೈತಿ ಹೇಳ್ರಿ? ಉಣಕಲ್ ನಾಲಾ ಹುಬ್ಬಳ್ಳಿ ನಡುವ ಹಾದು ಊರ ಹೊಲಸೆಲ್ಲಾ ಹೊತಗೊಂಡು ದಕ್ಷಿಣಕ್ಕ ಹೋಗತೈತಿ. ಊರ ಕೆಳಗಿನ ಹೊಲದಾಗ ರೈತರು ಎಷ್ಟೋ ವರ್ಷದಿಂದ ಆ ನೀರಿಗೆ ಪಂಪ್ ಹಚ್ಚಿ ಕಾಯಿಪಲ್ಯ ಬೆಳದಾರ. ಬ್ಯಾಸಗಿಯಾಗ ಬ್ಯಾರೆ ನೀರಿಲ್ಲ ಅವರಿಗೆ. ಅದ ಪಾಲಕ್, ಅದ ಮೆಂತ್ಯೆ ಸಂತಿಗೆ ಬಂದು ನಮ್ಮ ಚೀಲಕ್ಕ ಬೀಳತೈತಿ. ನಾಲಾದಾಗ ನಮ್ಮ ಒಂದು ಲೀಟರಿಗಿಂತ ದೊಡ್ಡ ದೊಡ್ಡ ಹೊಲಸು ಅದಾವ, ಗೊತ್ತು. ಆದ್ರ ಇದು ಹೊಟ್ಟಿಪಾಡಿನ ಹೊಲಸಲ್ಲ, ನಮ್ಮ ಹವ್ಯಾಸದ್ದು. ಅದಕ್ಕ ನಮ್ಮ ಕಡೆ ನೆವ ಇಲ್ಲ.

ದವಾಖಾನಿಗಳಿಗೆ ಕಾನೂನು ಐತಿ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಾಗ ಎಕ್ಸ್-ರೇ ಫಿಲ್ಮ್ ತೊಳದ ಬೆಳ್ಳಿ ದ್ರಾವಣವನ್ನ ಹೆಸರು ಹಿಡದು ಹಳದಿ ವರ್ಗಕ್ಕ ಸೇರಿಸ್ಯಾರ. ಉಪಯೋಗದ ಪದಾರ್ಥ ತಗದು, ಸಂಸ್ಕರಣ ಮಾಡಿದ ಮ್ಯಾಲನ ಅದು ಉಳಿದ ಹೊಲಸು ನೀರಿಗೆ ಕೂಡಬೇಕು. ಎಕ್ಸ್-ರೇ ಹೈಪೋಕ್ಕ ಒಂದು ನ್ಯಾಯ, ನಮ್ಮ ಬಚ್ಚಲ ಹೈಪೋಕ್ಕ ಇನ್ನೊಂದು ಅನ್ನಾಕ ಆಗೂದಿಲ್ರಿ. ಎರಡರಾಗೂ ಅದ ಬೆಳ್ಳಿ.

ಬಚ್ಚಲಮನಿ ಅಂದಕೂಡಲೇ ನೆನಪಾತು, ಇದನ್ನ ನೆನಪಿಟ್ಟುಕೊಳ್ರಿ. ಸಂಡಾಸ ತೊಳಿಯೋ ಆ್ಯಸಿಡ್ ಹೈಪೋಕ್ಕ ಬಿತ್ತಂದ್ರ ಸಲ್ಫರ್ ಡೈಆಕ್ಸೈಡ್ ಏಳತೈತಿ. ದಮ್ಮಿನ ಬ್ಯಾನಿ ಇದ್ದವರಿಗೆ ಆ ಮುಚ್ಚಿದ ಕ್ವಾಣಿಯಾಗ ಉಸಿರು ಹಿಡೀತೈತಿ. ಅದ ಆ್ಯಸಿಡ್ ಬ್ಲೀಚಿಂಗ್ ಪೌಡರ್ ಜೋಡಿ ಕೂಡಿದ್ರ ಕ್ಲೋರಿನ್ ಗಾಳಿ. ಆ ಎರಡೂ ಡಬ್ಬಿ ಮೊದಲು ಹೊರಗ ಇಡ್ರಿ, ಬೆಳಕು ಒಳಗ ಬರದಂಗ ಗಾಳಿ ಹೊರಗ ಹಾಕೋ ಫ್ಯಾನ್ ಒಂದು ಕೂಡಸ್ರಿ.

ಫಿಲ್ಮ್ ಬಿಡ್ರಿ ಅಂತ ನಾನು ಹೇಳಂಗಿಲ್ಲ. ಕೆಂಪು ಬೆಳಕಿನಾಗ ಬಿಳಿ ಕಾಗದದ ಮ್ಯಾಲ ಮುಖ ಮೂಡೂದನ್ನ ಒಮ್ಮೆ ಕಂಡಾಂವ ಹಂಗ ಹೇಳಾಕ ಆಗೂದಿಲ್ಲ. ನೈಟ್ರೈಲ್ ಗ್ಲೌಸ್ ಹಾಕ್ಕೊಳ್ರಿ, ಚಿಮ್ಮಟ ಹಿಡೀರಿ, ಪುಡಿ ಕಲಸೋ ಮುಂದ ಮಾಸ್ಕ್ ಕಟ್ರಿ. ಮೆಟಾಲ್, ಹೈಡ್ರೋಕ್ವಿನೋನ್ ಎರಡೂ ಇಲ್ಲದ ಡೆವಲಪರ್ ಅದಾವ: ಕೊಡಾಕಿನವರು 1996ರಾಗ ತಂದ ಎಕ್ಸ್‌ಟಾಲ್ ವಿಟಮಿನ್ ಸಿ ಜಾತಿಯ ಪದಾರ್ಥದಿಂದ ಮಾಡಿದ್ದು. ಕಾಫಿ ಪುಡಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಕಲಿಸಿ ತೊಳಿಯೋರೂ ಅದಾರ. ನಾನೂ ಮಾಡಿ ನೋಡೀನಿ, ನೆಗೆಟಿವ್ ಬರತೈತಿ. ಯಾವುದರಾಗ ತೊಳದರೂ ಹೈಪೋ ಮಾತ್ರ ತಪ್ಪೂದಿಲ್ಲ, ಅದರೊಳಗಿನ ಬೆಳ್ಳಿನೂ ತಪ್ಪೂದಿಲ್ಲ.

ಅದಕ್ಕ ನನ್ನ ಹಿತ್ತಲದಾಗ, ನೆರಳಿಗೆ, 20 ಲೀಟರಿನ ಎರಡು ಪ್ಲಾಸ್ಟಿಕ್ ಕ್ಯಾನ್ ಇಟ್ಟೀನಿ. ಬೆಳ್ಳಿ ತಗಿಯೋರಿಗೆ ಒಂದೊಂದು ಲೀಟರ್ ಒಯ್ದು ಕೊಟ್ರ ಅವರು ತಗೊಳ್ಳೂದಿಲ್ಲ, ನಾಕು ಮಂದಿದು ಕೂಡಿಸಿದ್ರ ತಗೋತಾರ. ಧಾರವಾಡದ ಆ ಹುಡುಗ ಹೋದ ರವಿವಾರ ಬಂದಿದ್ದ, ಒಂದೂವರಿ ಲೀಟರ್ ತಂದಿದ್ದ. ಗಟ್ಟಿ ಮುಚ್ಚಳದ ಬಾಟ್ಲಿ, ಮ್ಯಾಲ ಮಾರ್ಕರಿನಿಂದ "ಬಳಸಿದ ಹೈಪೋ, ವಿಷ" ಅಂತ ಬರದಿದ್ದ, ತಾರೀಖೂ ಹಾಕಿದ್ದ. ಆ ತಾಟು ಈಗ ಡಾರ್ಕ್ ರೂಮಿಗೇ ಮೀಸಲಂತ, ಉಣ್ಣಾಕ ಬ್ಯಾರೆ ತಂದಾನಂತ. ಒಂದು ಕ್ಯಾನ್ ಇನ್ನೂ ಖಾಲಿ ಐತ್ರಿ. ಹುಬ್ಬಳ್ಳಿ-ಧಾರವಾಡದಾಗ ಯಾರ್ಯಾರು ಫಿಲ್ಮ್ ತೊಳೀತೀರಿ, ಮೋರಿಗೆ ಹಾಕೋ ಮೊದಲು ನನಗೊಂದು ಮಾತು ಹೇಳ್ರಿ.